ಬ್ಯಾರೆಲ್ ಕೊರೆಸುವ ಮೊದಲು ಗುಂಡು ಆರಿಸಿ

ಗುರಿ ಮತ್ತು ಬಂದೂಕು: ಓದುಗರ ಪ್ರಶ್ನೆಗಳಿಗೆ ತುಮಕೂರಿನಿಂದ ಉತ್ತರ

ಪ್ರಶ್ನೆ: ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ಪಡೆದು ಜಿಂಕೆ, ಕಾಡುಹಂದಿ ಬೇಟೆಗೆ ಹೋಗುತ್ತಾನೆ. ಈಗ ತನ್ನ ರೈಫಲ್‌ಗೆ 6.5 ಕ್ರೀಡ್‌ಮೂರ್ ಅಳತೆಯ ಹೊಸ ಬ್ಯಾರೆಲ್ ಮಾಡಿಸುತ್ತಿದ್ದಾನೆ. ‘ಥ್ರೋಟ್ ಎಷ್ಟು ಉದ್ದ ಇಡಲಿ?’ ಅಂತ ಬಂದೂಕು ಕೆಲಸ ಮಾಡುವ ಅಲ್ಲಿನ ಗನ್‌ಸ್ಮಿತ್ ಕೇಳಿದ್ದಾನಂತೆ. ಉದ್ದ ಇಡಿಸು, ಮದ್ದು ಜಾಸ್ತಿ ಹಿಡಿಯುತ್ತೆ ಅಂತ ಒಬ್ಬ ಗೆಳೆಯ. ಬೇಡ, ಗಿಡ್ಡ ಇಡಿಸು, ಗುಂಡು ರೈಫ್ಲಿಂಗ್‌ಗೆ (ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳಿಗೆ) ತಾಗಿಕೊಂಡಿದ್ದರೇ ಗುರಿ ಚೆನ್ನಾಗಿ ಬರುತ್ತೆ ಅಂತ ಇನ್ನೊಬ್ಬ. ಬೇಟೆ ನನಗೆ ಒಗ್ಗದ ವಿಷಯ. ಆದರೆ ಮೈಕ್ರೋಮೀಟರ್ ಹಿಡಿದು ಬದುಕಿದ ನನಗೆ ಲೆಕ್ಕ ಅರ್ಥವಾಗುತ್ತೆ. ಯಾರ ಮಾತು ಸರಿ? ಮುಂದೆ ಅವನು ಊರಿಗೆ ವಾಪಸ್ ಬಂದರೆ ಆ ರೈಫಲ್ ತರಬಹುದಾ?
— ಎಚ್‌ಎಂಟಿ ನಿವೃತ್ತರು, ತುಮಕೂರು

ಉತ್ತರ: ಸಾರ್, ಪ್ರಶ್ನೆ ಕೇಳಿದವರು ಟೂಲ್ ರೂಮಿನವರು ಅಂತ ತಿಳಿದು ನನಗೆ ನಿಜಕ್ಕೂ ಖುಷಿಯಾಯಿತು. ಅಳತೆಗಳನ್ನು ಬಿಡಿಸಿಯೇ ಬರೆಯುತ್ತೇನೆ. ನಾನು ಸೇನೆಯಲ್ಲಿ ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದವನು. ಈಗ ಅಂತರಸನಹಳ್ಳಿಯಲ್ಲಿ ಲೇತ್ ಇಟ್ಟುಕೊಂಡು ಪಂಪಿನ ಶಾಫ್ಟು, ಬುಷ್ಷು ಮಾಡಿಕೊಂಡಿದ್ದೇನೆ. ಬಂದೂಕಿನ ಕೆಲಸ ಈಗ ಕೈಯಲ್ಲಿಲ್ಲ, ತಲೆಯಲ್ಲಿದೆ.

ಗೆಳೆಯರು ಇಬ್ಬರ ಮಾತಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಇಬ್ಬರೂ ಕೊನೆಯಲ್ಲಿ ಕೇಳಬೇಕಾದ್ದನ್ನು ಮೊದಲೇ ಕೇಳುತ್ತಿದ್ದಾರೆ. ಯಾವ ಗುಂಡು ಹಾಕ್ತೀನಿ ಅಂತ ನಿಮ್ಮ ಮಗ ಮೊದಲು ತೀರ್ಮಾನ ಮಾಡಲಿ. ಆಮೇಲೆ ತೋಟಾ ತುಂಬಿಡುವ ಮ್ಯಾಗಜಿನ್ ಒಳಗಿನ ಉದ್ದ ಅಳೆಯಲಿ. ಇವೆರಡು ಗೊತ್ತಾದರೆ ಥ್ರೋಟ್ ಎಷ್ಟಿರಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ಇವೆರಡನ್ನು ಬಿಟ್ಟು ಥ್ರೋಟಿನ ಬಗ್ಗೆ ಎಷ್ಟು ಮಾತಾಡಿದರೂ ಸುಮ್ನೆ.

ಮೊದಲು ಥ್ರೋಟ್ ಎಲ್ಲಿದೆ ನೋಡೋಣ. ಹಿತ್ತಾಳೆಯ ಕೇಸು, ಅದರೊಳಗಿನ ಮದ್ದು, ಅದರ ಬಾಯಿಗೆ ಸಿಕ್ಕಿಸಿದ ಗುಂಡು ಎಲ್ಲ ಸೇರಿದ್ದು ತೋಟಾ. ತೋಟಾ ಕೂರುವ ಜಾಗ ಚೇಂಬರ್. ಅದರ ಮುಂದೆ, ಗುಂಡಿನ ಮೂತಿ ಚಾಚಿಕೊಳ್ಳುವ ಕಡೆ, ರೈಫ್ಲಿಂಗ್ ಗೆರೆಗಳಿಲ್ಲದ ನುಣುಪಾದ ಒಂದು ಕೊಳವೆ ಇರುತ್ತೆ. ಅದು ಫ್ರೀಬೋರ್. ಫ್ರೀಬೋರ್ ಮುಗಿದ ಮೇಲೆ ಗೆರೆಗಳು ಏಕಾಏಕಿ ಶುರುವಾಗುವುದಿಲ್ಲ, ಒಂದು ಇಳಿಜಾರಿನಲ್ಲಿ ನಿಧಾನಕ್ಕೆ ಏಳುತ್ತವೆ. ಫ್ರೀಬೋರ್ ಮತ್ತು ಇಳಿಜಾರು ಎರಡೂ ಸೇರಿ ಥ್ರೋಟ್. ಗನ್‌ಸ್ಮಿತ್ ಕೇಳುತ್ತಿರುವುದು ಮುಖ್ಯವಾಗಿ ಆ ನುಣುಪು ಭಾಗದ ಉದ್ದವನ್ನು.

6.5 ಕ್ರೀಡ್‌ಮೂರ್ 2007ರಲ್ಲಿ ಬಂದ ತೋಟಾ. ಅಮೆರಿಕದಲ್ಲಿ ತೋಟಾ, ಚೇಂಬರುಗಳ ಅಳತೆ ಗೊತ್ತು ಮಾಡುವ ಸಾಮಿ ಅನ್ನುವ ಸಂಸ್ಥೆ ಇದೆ, 1926ರಿಂದ. ಅದರ ಪ್ರಕಾರ ಈ ಚೇಂಬರಿನ ಫ್ರೀಬೋರ್ ಉದ್ದ 0.199 ಇಂಚು, ಅಂದರೆ 5 ಮಿಲಿಮೀಟರ್ ಚಿಲ್ಲರೆ. ಅದರ ವ್ಯಾಸ 0.2645 ಇಂಚು. ಇಳಿಜಾರಿನ ಕೋನ ಒಂದೂವರೆ ಡಿಗ್ರಿ. ಗುಂಡಿನ ವ್ಯಾಸ 0.264 ಇಂಚು. ಅಂದರೆ ಗುಂಡಿಗೂ ಫ್ರೀಬೋರಿಗೂ ನಡುವೆ ಇರುವ ಸಂದು ಅರ್ಧ ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ), ನಿಮ್ಮ ಲೆಕ್ಕದಲ್ಲಿ ಸುಮಾರು 13 ಮೈಕ್ರಾನ್. ಗೆರೆಯ ತುದಿಯಿಂದ ತುದಿಗೆ ಒಳವ್ಯಾಸ 0.256. ಒಂದೂವರೆ ಡಿಗ್ರಿಯಲ್ಲಿ ಅಷ್ಟು ಏರಬೇಕಾದರೆ ಇಳಿಜಾರಿಗೇ 4 ಮಿಲಿಮೀಟರ್ ಬೇಕು. ಕಾಗದದ ಮೇಲೆ ಗುಣಿಸಿ ನೋಡಿ, ಸರಿ ಬರುತ್ತೆ.

ಈ ಅರ್ಧ ಥೌ ಬಗ್ಗೆ ಒಂದು ಮಾತು ಹೇಳಲೇಬೇಕು. ಜನ ಥ್ರೋಟಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ, ವ್ಯಾಸ ಕೇಳುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಗುರಿಗೆ ವ್ಯಾಸವೇ ಮುಖ್ಯ. ಗುಂಡು ಕೇಸಿನಿಂದ ಹೊರಟು ಗೆರೆಗಳನ್ನು ಕಚ್ಚುವ ತನಕ ಅದನ್ನು ನೆಟ್ಟಗೆ ಹಿಡಿಯುವುದು ಆ ನುಣುಪು ಕೊಳವೆಯೊಂದೇ. ಸಂದು ಬಿಗಿಯಾಗಿದ್ದರೆ ಗುಂಡು ಸ್ವಲ್ಪ ದೂರ ಓಡಿದರೂ ವಾಲುವುದಿಲ್ಲ. ಸಂದು ಸಡಿಲವಾಗಿದ್ದರೆ ಗುಂಡು ಅಕ್ಕಪಕ್ಕ ವಾಲಿಕೊಂಡೇ ಗೆರೆಗೆ ನುಗ್ಗುತ್ತೆ. ಹಾಗೆ ವಾಲಿ ಹೋದದ್ದನ್ನು ಮುಂದೆ ಬ್ಯಾರೆಲ್ ಸರಿ ಮಾಡುವುದಿಲ್ಲ. ವೆದರ್‌ಬಿ ಕಂಪನಿಯ ಹಳೇ ಮ್ಯಾಗ್ನಂ ತೋಟಾಗಳಿಗೆ ಇಂಚಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಫ್ರೀಬೋರ್ ಇರುತ್ತಿತ್ತು. ಒತ್ತಡ ತಗ್ಗಿಸಲಿ ಅಂತಲೇ ಹಾಗೆ ಇಟ್ಟಿದ್ದರು. ಅಂಥ ರೈಫಲುಗಳಲ್ಲೂ ಒಳ್ಳೇ ಗುರಿ ಬಂದಿದೆ. ಹಾಗಾಗಿ ಗುಂಡು ಗೆರೆಗೆ ತಾಗಿಕೊಂಡಿದ್ದರೇ ಗುರಿ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಚೇಂಬರ್ ಕೊರೆಯುವ ರೀಮರ್ ಯಾವುದು, ಅದರ ಫ್ರೀಬೋರ್ ವ್ಯಾಸ ಎಷ್ಟು ಅಂತ ಮಗ ಗನ್‌ಸ್ಮಿತ್‌ನನ್ನು ಕೇಳಲಿ. ರೀಮರಿನ ಡ್ರಾಯಿಂಗ್ ತೋರಿಸಿ ಅಂದರೂ ತಪ್ಪಿಲ್ಲ. ಒಳ್ಳೇ ಕೆಲಸಗಾರ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಗುಂಡಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. 2013ರಲ್ಲಿ ಕಾನೂನು ಮಾಡಿ ಹಂತ ಹಂತವಾಗಿ ಜಾರಿಗೆ ತಂದರು. ಕಾಂಡೋರ್ ಅನ್ನುವ ದೊಡ್ಡ ರಣಹದ್ದು ಅಲ್ಲಿದೆ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸ ತಿಂದು, ಅದರೊಳಗಿನ ಸೀಸದ ಚೂರುಗಳಿಂದ ವಿಷವೇರಿ ಸಾಯುತ್ತಿತ್ತು. ನಿಮಗೆ ಬೇಟೆ ಒಗ್ಗುವುದಿಲ್ಲ ಅಂದಿರಿ, ಆದರೆ ಈ ಕಾನೂನು ನಿಮಗೂ ಒಪ್ಪಿಗೆಯಾಗುತ್ತೆ ಅಲ್ವಾ. ನನಗಂತೂ ಅದು ಬಹಳ ಸರಿಯಾದ ಕೆಲಸ ಅನ್ನಿಸುತ್ತೆ.

ನಮ್ಮ ಲೆಕ್ಕಕ್ಕೆ ಇದರಿಂದ ಏನಾಯಿತು? ನಿಮ್ಮ ಮಗ ಸೀಸವಿಲ್ಲದ ಗುಂಡು ಬಳಸಲೇಬೇಕು, ಅಂದರೆ ಸಾಮಾನ್ಯವಾಗಿ ಇಡೀ ತಾಮ್ರದ್ದು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ವ್ಯಾಸ ಬದಲಾಗುವಂತಿಲ್ಲ. ಅದೇ ತೂಕ ಬೇಕು ಅಂದರೆ ಉದ್ದವೇ ಜಾಸ್ತಿಯಾಗಬೇಕು. ಆ ಜಾಸ್ತಿ ಉದ್ದ ಹೋಗುವುದಕ್ಕೆ ಎರಡೇ ದಾರಿ: ಹಿಂದಕ್ಕೆ ಕೇಸಿನೊಳಗೆ ಇಳಿಯಬೇಕು, ಇಲ್ಲ ಮುಂದಕ್ಕೆ ಥ್ರೋಟಿನ ಕಡೆ ಚಾಚಬೇಕು. ಉದ್ದ ಇಡಿಸು ಅಂದ ಗೆಳೆಯನ ತರ್ಕ ಹುಟ್ಟುವುದು ಇಲ್ಲೇ. ಗುಂಡು ಮುಂದೆ ಚಾಚಿದರೆ ಕೇಸಿನೊಳಗೆ ಮದ್ದಿಗೆ ಜಾಗ ಉಳಿಯುತ್ತೆ. ತಪ್ಪಿಲ್ಲ.

ಆದರೆ ಚಾಚಿದ ತೋಟಾ ಮ್ಯಾಗಜಿನ್ ಒಳಗೆ ಹಿಡಿಸಬೇಕಲ್ಲ? ಒಂದು ಉದಾಹರಣೆ ನೋಡಿ. ಮ್ಯಾಗಜಿನ್ ಒಳಗಿನ ಉದ್ದ 2.880 ಇಂಚು ಅಂತಿಟ್ಟುಕೊಳ್ಳಿ. ತೋಟಾ ಸಲೀಸಾಗಿ ಮೇಲೇಳಲು 30 ಥೌ ಬಿಡಬೇಕು. ಹಾಗಾದರೆ ತೋಟಾದ ಒಟ್ಟು ಉದ್ದ 2.850 ದಾಟುವಂತಿಲ್ಲ. ಸ್ಟ್ಯಾಂಡರ್ಡ್ ಥ್ರೋಟಿನಲ್ಲಿ ಅವನ ಗುಂಡು 2.870ರಲ್ಲಿ ಗೆರೆಗೆ ತಾಗುತ್ತೆ ಅನ್ನೋಣ. ತೋಟಾವನ್ನು 2.820ಕ್ಕೆ ಕೂರಿಸಿದರೆ ಗುಂಡು 50 ಥೌ ಓಡಿ ಗೆರೆ ಸೇರುತ್ತೆ. ಮ್ಯಾಗಜಿನ್‌ನಲ್ಲೂ ಹಿಡಿಸುತ್ತೆ. ಈಗ ಗೆಳೆಯನ ಮಾತು ಕೇಳಿ ಥ್ರೋಟನ್ನು 100 ಥೌ ಉದ್ದ ಮಾಡಿಸಿದ ಅಂತಿಟ್ಟುಕೊಳ್ಳಿ. ತಾಗುವ ಜಾಗ 2.970ಕ್ಕೆ ಹೋಯಿತು. ಮ್ಯಾಗಜಿನ್ ಮಾತ್ರ ಅಷ್ಟೇ ಇದೆ. 2.850ಕ್ಕಿಂತ ಮುಂದೆ ಕೂರಿಸಲು ಆಗುವುದೇ ಇಲ್ಲ. ಓಟ 120 ಥೌ ಆಯಿತು, ಮದ್ದಿಗೆ ಸಿಕ್ಕ ಜಾಗ 30 ಥೌ ಮಾತ್ರ. ಕೊರೆಸಿದ್ದು 100, ಸಿಕ್ಕಿದ್ದು 30. ಬೆಂಚಿನ ಮೇಲೆ ಒಂದೊಂದೇ ತೋಟಾ ಕೈಯಲ್ಲಿ ಹಾಕಿ ಹೊಡೆಯುವ ಸ್ಪರ್ಧೆಯವರಿಗೆ ಆ ಗೆಳೆಯನ ಸಲಹೆ ಸರಿ. ಬೆಟ್ಟದಲ್ಲಿ ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಎಳೆದು ಎರಡನೇ ತೋಟಾ ಹಾಕಬೇಕಾದವನಿಗೆ ಸರಿಯಲ್ಲ.

ನಿಜ ಹೇಳಬೇಕೆಂದರೆ ಕ್ರೀಡ್‌ಮೂರ್ ಮಾಡಿದವರು ಈ ತಾಪತ್ರಯ ಮೊದಲೇ ಯೋಚಿಸಿದ್ದರು. ಅದಕ್ಕೆ ಮೊದಲು ಬಂದ .260 ರೆಮಿಂಗ್ಟನ್ ನೋಡಿ. ಅದೂ ಇದೇ ವ್ಯಾಸದ ಗುಂಡಿನದು. ಅದರ ಕೇಸಿನ ಉದ್ದ 2.035 ಇಂಚು, ತೋಟಾದ ಒಟ್ಟು ಉದ್ದ 2.800. ಮೂತಿ ಉದ್ದದ ಗುಂಡು ಹಾಕಿದರೆ ಮ್ಯಾಗಜಿನ್‌ಗೆ ಹಿಡಿಸಲು ಗುಂಡನ್ನು ಕೇಸಿನೊಳಕ್ಕೆ ಆಳವಾಗಿ ತಳ್ಳಬೇಕಾಗುತ್ತಿತ್ತು. ಕ್ರೀಡ್‌ಮೂರ್‌ನಲ್ಲಿ ಕೇಸನ್ನೇ 1.920ಕ್ಕೆ ಗಿಡ್ಡ ಮಾಡಿದರು, ಒಟ್ಟು ಉದ್ದ 2.825 ಇಟ್ಟರು, ಮೇಲೆ 0.199ರ ಫ್ರೀಬೋರ್ ಕೊಟ್ಟರು. ಉದ್ದ ಗುಂಡಿಗೆ ಬೇಕಾದ ಜಾಗ ಅದರ ಹುಟ್ಟಿನಲ್ಲೇ ಇದೆ. ಅದಕ್ಕೇ ಬೇಟೆಯ ಕ್ರೀಡ್‌ಮೂರ್‌ಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಥ್ರೋಟೇ ಸಾಕು ಅನ್ನುವುದು ನನ್ನ ತೀರ್ಪು. ಮಗ .30-06ನಂಥ ಉದ್ದ ತೋಟಾಕ್ಕೆ, ಒಳಗೆ ಧಾರಾಳ ಜಾಗ ಇರುವ ಮ್ಯಾಗಜಿನ್ ಇಟ್ಟುಕೊಂಡು ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆನೇನೋ.

ಇನ್ನು ಎರಡನೇ ಗೆಳೆಯ, ತಾಗಿಸಿಯೇ ಇಡು ಅನ್ನುವವನು. ಅವನ ಸಲಹೆ ನನಗೆ ಹೆಚ್ಚು ಭಯ ಹುಟ್ಟಿಸುತ್ತೆ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಬೇಟೆಗೆ ಹೋದವನು ದಿನವೆಲ್ಲ ಗುಂಡು ಹಾರಿಸುವುದಿಲ್ಲ. ಬಹಳ ದಿನ ಒಂದೂ ಹಾರಿಸದೆ ವಾಪಸ್ ಬರುತ್ತಾನೆ. ಜೀಪಿನ ಹತ್ತಿರ ಬಂದು, ಚೇಂಬರಿನಲ್ಲಿರುವ ತೋಟಾ ಹೊರತೆಗೆಯಲು ಬೋಲ್ಟ್ ಎಳೆಯುತ್ತಾನೆ. ಗುಂಡು ಗೆರೆಗೆ ಒತ್ತಿ ಕೂತಿದ್ದರೆ ಅದು ಅಲ್ಲೇ ಕಚ್ಚಿಕೊಂಡು ಉಳಿಯುತ್ತೆ, ಕೇಸ್ ಮಾತ್ರ ಈಚೆ ಬರುತ್ತೆ. ಮದ್ದೆಲ್ಲ ಬೋಲ್ಟ್ ಓಡಾಡುವ ಆಕ್ಷನ್ ಒಳಗೆ ಚೆಲ್ಲುತ್ತೆ. ಸಣ್ಣ ಕಾಳು ಕಾಳು ಮದ್ದು ಮ್ಯಾಗಜಿನ್‌ಗೆ, ಬೋಲ್ಟಿನ ಲಗ್ಗುಗಳ ಸಂದಿಗೆ, ಟ್ರಿಗರ್ ಪೆಟ್ಟಿಗೆಗೆ ಇಳಿಯುತ್ತೆ. ಟ್ರಿಗರ್ ಒಳಗೆ ಒಂದು ಕಾಳು ಸಿಕ್ಕಿಕೊಂಡರೂ ಅದು ಸರಿಯಾಗಿ ಕೂರುವುದಿಲ್ಲ, ಆ ಬಂದೂಕನ್ನು ನಂಬುವಂತಿಲ್ಲ. ಬ್ಯಾರೆಲ್ ಒಳಗೆ ಗುಂಡು ಮುಚ್ಚಿಕೊಂಡಿದೆ. ಅದು ಗೊತ್ತಾಗದೆ ಹಿಂದಿನಿಂದ ಇನ್ನೊಂದು ತೋಟಾ ತುರುಕಿ ಹಾರಿಸಲು ಹೋದರೆ ಬ್ಯಾರೆಲ್ ಸೀಳಬಹುದು, ಮುಖ ಹೋಗಬಹುದು. ಇಷ್ಟೆಲ್ಲ ಕತ್ತಲಾಗುವ ಹೊತ್ತಿನಲ್ಲಿ, ಕೈ ಮರಗಟ್ಟಿರುವಾಗ. ಆ ಗುಂಡನ್ನು ತೆಗೆಯಲು ಮುಂದಿನ ಬಾಯಿಂದ ಕ್ಲೀನಿಂಗ್ ರಾಡ್ ಇಳಿಸಿ ಮೆಲ್ಲಗೆ ತಟ್ಟಬೇಕು. ಕಾಡಿನಲ್ಲಿ ರಾಡ್ ಯಾರ ಹತ್ತಿರ ಇರುತ್ತೆ?

ಒತ್ತಡದ ಮಾತೂ ಇದೆ. ಗುಂಡಿಗೆ ಸ್ವಲ್ಪ ಓಟ ಇದ್ದರೆ ವೇಗ ಹಿಡಿದುಕೊಂಡು ಗೆರೆಗೆ ನುಗ್ಗುತ್ತೆ. ಒತ್ತಿಕೊಂಡೇ ಕೂತಿದ್ದರೆ ನಿಂತಲ್ಲಿಂದಲೇ ಗೆರೆ ಸೀಳಬೇಕು. ಆಗ ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ ಏರುತ್ತೆ. ಕ್ರೀಡ್‌ಮೂರ್‌ಗೆ ಸಾಮಿ ಇಟ್ಟಿರುವ ಮೇಲ್ಮಿತಿಯೇ ಚದರ ಇಂಚಿಗೆ 62,000 ಪೌಂಡ್. ಆ ಮಿತಿಯ ಹತ್ತಿರ ಆಟ ಬೇಡ. ಅದರಲ್ಲೂ ತಾಮ್ರದ ಗುಂಡು ಸೀಸದಷ್ಟು ಮೆತ್ತಗಿಲ್ಲ. ಬಾರ್ನ್ಸ್ ಕಂಪನಿಯವರು ತಮ್ಮ ತಾಮ್ರದ ಗುಂಡನ್ನು ಗೆರೆಯಿಂದ 50 ಥೌ ದೂರ ಇಟ್ಟು ಪರೀಕ್ಷೆ ಶುರು ಮಾಡಿ ಅನ್ನುತ್ತಾರೆ. ತಾಮ್ರದ ಗುಂಡು ಓಡಿಕೊಂಡು ಹೋಗಲು ಹೆದರುವುದಿಲ್ಲ. ಹಾಗಿರುವಾಗ ನಿಮ್ಮ ಮಗನಿಗೆ ತಾಗಿಸಿ ಇಡುವ ಹಟ ಯಾಕೆ?

ಟೂಲ್ ರೂಮಿನವರಿಗೆ ಮುಂದಿನ ಮಾತು ಹೇಳುವುದೇ ಬೇಡ, ಆದರೂ ಮಗನಿಗೋಸ್ಕರ ಬರೆಯುತ್ತೇನೆ. ಥ್ರೋಟನ್ನು ಆಮೇಲೆ ಉದ್ದ ಮಾಡಬಹುದು. ಅದಕ್ಕೇ ಬೇರೆ ರೀಮರ್ ಇದೆ, ಕೇಸಿನ ಭಾಗ ಮುಟ್ಟದೆ ಥ್ರೋಟನ್ನಷ್ಟೇ ಕೈಯಲ್ಲಿ ತಿರುಗಿಸಿ ಮುಂದೂಡುತ್ತೆ. ಗಿಡ್ಡ ಮಾಡಬೇಕಾದರೆ ಹಾಗಲ್ಲ. ಬ್ಯಾರೆಲನ್ನು ಆಕ್ಷನ್ನಿನಿಂದ ಬಿಚ್ಚಬೇಕು, ಹಿಂಬದಿ ಕತ್ತರಿಸಬೇಕು, ಥ್ರೆಡ್ ಮುಂದೆ ಸರಿಸಬೇಕು, ಚೇಂಬರನ್ನು ಹೊಸದಾಗಿ ಕೊರೆದು ಗೋ, ನೋ-ಗೋ ಗೇಜಿನಲ್ಲಿ ಹೆಡ್‌ಸ್ಪೇಸ್ (ಬೋಲ್ಟಿನ ಮುಖದಿಂದ ಚೇಂಬರಿನಲ್ಲಿ ಕೇಸು ಆನುವ ಜಾಗದವರೆಗಿನ ಅಳತೆ) ನೋಡಬೇಕು. ಹೆಚ್ಚುಕಡಿಮೆ ಹೊಸ ಬ್ಯಾರೆಲಿನ ಕೂಲಿ. ಅದಕ್ಕೇ ಎರಡು ಮನಸ್ಸಿದ್ದರೆ ಗಿಡ್ಡ ಕಡೆಗೇ ವಾಲಬೇಕು.

ಆದರೆ ಸ್ಟ್ಯಾಂಡರ್ಡಿಗಿಂತ ಗಿಡ್ಡ ಬೇಡ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ತೋಟಾ ಸ್ಟ್ಯಾಂಡರ್ಡ್ ಥ್ರೋಟ್ ನಂಬಿಕೊಂಡು ಮಾಡಿದ್ದು. ಥ್ರೋಟ್ ಅದಕ್ಕಿಂತ ಗಿಡ್ಡ ಇದ್ದರೆ ಅಂಗಡಿ ತೋಟಾದ ಗುಂಡು ಗೆರೆಗೆ ಒತ್ತಿಕೊಳ್ಳಬಹುದು, ಒತ್ತಡ ಏರಬಹುದು. ನಿಮ್ಮ ಮಗ ತೋಟಾ ಮನೆಯಲ್ಲಿ ಮರೆತು ಬೆಟ್ಟಕ್ಕೆ ಹೋಗಿ, ದಾರಿಯ ಅಂಗಡಿಯಲ್ಲಿ ಒಂದು ಡಬ್ಬಿ ಕೊಂಡರೂ ಅದು ಸುರಕ್ಷಿತವಾಗಿ ಹಾರಬೇಕು. ಬೇಟೆ ರೈಫಲ್ ಅಂದರೆ ಇದು ನನಗೆ ಮೊದಲನೇ ಷರತ್ತು. .223 ರೆಮಿಂಗ್ಟನ್ ಮತ್ತು 5.56 ನೇಟೊ ತೋಟಾಗಳ ವಿಷಯ ಸೇನೆಯಲ್ಲಿದ್ದವರಿಗೆ ಗೊತ್ತು. ನೋಡಲು ಎರಡೂ ಒಂದೇ. ನೇಟೊ ಚೇಂಬರಿನ ಥ್ರೋಟ್ ಉದ್ದ. ಅದರ ತೋಟಾವನ್ನು ಗಿಡ್ಡ ಥ್ರೋಟಿನ .223 ಚೇಂಬರಿಗೆ ಹಾಕಿದರೆ ಒತ್ತಡ ಮಿತಿ ಮೀರಬಹುದು. ಅದಕ್ಕೇ ಹಾಕಬೇಡಿ ಅಂತ ಎಚ್ಚರಿಕೆ ಇದೆ. ಇಷ್ಟು ದೊಡ್ಡ ವ್ಯತ್ಯಾಸ ಥ್ರೋಟಿನಿಂದ ಆಗುತ್ತೆ ಅಂತ ತಿಳಿದಿರಲಿ.

ಗುಂಡಿನ ಹಿಂಬದಿಯನ್ನೂ ಮರೆಯಬಾರದು. ಅದರ ಪೂರ್ತಿ ವ್ಯಾಸದ ಭಾಗ ಕೇಸಿನ ಕತ್ತಿನೊಳಗೇ ಇರಬೇಕು. ಕತ್ತು ಮುಗಿದು ಭುಜ ಶುರುವಾಗುವ ಕಡೆ ಕೇಸಿನ ಒಳಗೆ ಹಿತ್ತಾಳೆ ದಪ್ಪಗಾಗಿ ಉಂಗುರ ಕಟ್ಟುವುದುಂಟು, ಹಳೇ ಕೇಸುಗಳಲ್ಲಿ ಹೆಚ್ಚು. ಗುಂಡು ಅಲ್ಲಿಗೆ ಇಳಿದರೆ ಒಂದೊಂದು ತೋಟಾ ಒಂದೊಂದು ಥರ ಹಿಡಿಯುತ್ತೆ.

ಹಾಗಾದರೆ ಗನ್‌ಸ್ಮಿತ್‌ಗೆ ಏನು ಕೊಡಬೇಕು? ನಂಬರ್ ಬೇಡ, ಡಮ್ಮಿ ತೋಟಾ ಕೊಡಲಿ. ಮದ್ದಿಲ್ಲದ, ಕಿಡಿ ಹೊತ್ತಿಸುವ ಪ್ರೈಮರ್ ಇಲ್ಲದ ಖಾಲಿ ಕೇಸಿಗೆ, ತಾನು ಬಳಸುವ ಅದೇ ತಾಮ್ರದ ಗುಂಡನ್ನು, ಮ್ಯಾಗಜಿನ್‌ನಲ್ಲಿ ಸಲೀಸಾಗಿ ಹೋಗುವ ಉದ್ದಕ್ಕೆ ಕೂರಿಸಿ ಕಳಿಸಲಿ. ಎರಡು ಮೂರು ಇದ್ದರೆ ಒಳ್ಳೇದು. ಪ್ರೈಮರಿನ ಗುಳಿ ಖಾಲಿ ಕಾಣುತ್ತಿರಲಿ, ಕೇಸಿನ ಪಕ್ಕಕ್ಕೆ ಒಂದು ತೂತು ಹಾಕಿದರೆ ಇನ್ನೂ ಒಳ್ಳೇದು. ನಿಜವಾದ ತೋಟಾ ಅಂತ ಯಾರೂ ಗೊಂದಲ ಮಾಡಿಕೊಳ್ಳಬಾರದು.

ಚೇಂಬರ್ ಕೊರೆದ ಮೇಲೆ ಅದೇ ಡಮ್ಮಿಯ ಗುಂಡಿಗೆ ದೀಪದ ಹೊಗೆ ಹಿಡಿಯುತ್ತಾರೆ. ಹಳೇ ಆರ್ಮರರ್‌ಗಳು ಮಾಡುತ್ತಿದ್ದದ್ದೂ ಇದೇ. ಗುಂಡಿನ ಸುತ್ತ ತೆಳ್ಳಗೆ, ಒಂದೇ ಸಮ ಕಪ್ಪು ಕೂರಬೇಕು. ಮೆಲ್ಲಗೆ ಚೇಂಬರಿಗೆ ಬಿಟ್ಟು, ಬೋಲ್ಟ್ ಹಾಕಿ, ಮೆಲ್ಲಗೆ ತೆಗೆಯಬೇಕು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರೆ, ಗುಂಡು ಗೆರೆಗೆ ತಾಗಿದ್ದಲ್ಲಿ ಮಸಿ ಒರೆಸಿಹೋಗಿ ಸಣ್ಣ ಚೌಕ ಚೌಕ ಹೊಳೆಯುತ್ತೆ. ಗೆರೆ ಎಷ್ಟಿವೆಯೋ ಅಷ್ಟು ಚೌಕ. ಎಲ್ಲವೂ ಒಂದೇ ಎತ್ತರಕ್ಕೆ, ಒಂದೇ ಅಗಲಕ್ಕೆ ಇದ್ದರೆ ಥ್ರೋಟ್ ನಡುಮಧ್ಯ ಕೂತಿದೆ. ಒಂದು ಕಡೆ ಉದ್ದ, ಇನ್ನೊಂದು ಕಡೆ ಚಿಕ್ಕದು ಅಥವಾ ಗುರುತೇ ಇಲ್ಲ ಅಂದರೆ ಥ್ರೋಟ್ ಓರೆ ಕೊರೆದಿದೆ ಅನ್ನುವ ಅನುಮಾನ ಬರಬೇಕು. ಈಗ ಹೊಗೆಯ ಬದಲು ಮಾರ್ಕರ್ ಪೆನ್ನು ಹಚ್ಚುತ್ತಾರೆ, ಅದೂ ನಡೆಯುತ್ತೆ. ನಿಮ್ಮ ಮಗನ ಡಮ್ಮಿ ಬೇಟೆಯ ಉದ್ದಕ್ಕೆ ಕೂರಿಸಿದ್ದಾಗ ಒಂದೂ ಗುರುತು ಬೀಳಬಾರದು. ಗುಂಡನ್ನು 50 ಥೌ ಹೊರಗೆ ಎಳೆದು ಕೂರಿಸಿದಾಗ ಗುರುತು ಬೀಳಲು ಶುರುವಾಗಬೇಕು. ಅಷ್ಟಾದರೆ ಕೆಲಸ ಚೊಕ್ಕ.

ಅಳೆಯುವಾಗ ಗುಂಡಿನ ತುದಿಯಿಂದ ಅಳೆಯಬೇಡಿ ಅಂತ ಹೇಳಿ. ಒಂದೇ ಡಬ್ಬಿಯ ಗುಂಡುಗಳಲ್ಲೂ ತುದಿ ಹೆಚ್ಚುಕಡಿಮೆ ಇರುತ್ತೆ. ಮೂತಿ ಬಾಗಲು ಶುರುವಾಗುವ ಜಾಗದಿಂದ ಅಳೆಯುವ ಕಂಪ್ಯಾರೇಟರ್ ಸಿಗುತ್ತೆ, ವರ್ನಿಯರ್‌ಗೆ ಸಿಕ್ಕಿಸುವುದು. ಗುಂಡಿನ ಕಂಪನಿ ಬದಲಾದರೆ ಬಾಗು ಬದಲಾಗುತ್ತೆ, ತಾಗುವ ಉದ್ದವೂ ಬದಲಾಗುತ್ತೆ. ಗುಂಡು ಮೊದಲು ಆರಿಸು ಅಂತ ಮತ್ತೆ ಮತ್ತೆ ಹೇಳುತ್ತಿರುವುದು ಅದಕ್ಕೇ.

ಥ್ರೋಟ್ ಸವೆಯುತ್ತೆ, ಅದಕ್ಕೆ ಈಗಲೇ ಗಿಡ್ಡ ಇಡಿಸಬೇಕು ಅಂತ ಯಾರಾದರೂ ಹೇಳಿಯಾರು. ಸವೆಯುವುದು ನಿಜ. ಬಿಸಿ ಅನಿಲ ಮೊದಲು ತಿನ್ನುವುದು ಥ್ರೋಟನ್ನೇ, ಗೆರೆಯ ಶುರು ಮುಂದಕ್ಕೆ ಸರಿಯುತ್ತಾ ಹೋಗುತ್ತೆ. ಆದರೆ ಅದು ಸಾವಿರಾರು ಗುಂಡು ಹಾರಿಸುವ ಸ್ಪರ್ಧೆಯವರ ಚಿಂತೆ. ವರ್ಷಕ್ಕೆ ಒಂದೆರಡು ಡಬ್ಬಿ ಮುಗಿಸುವ ಬೇಟೆಗಾರನಿಗೆ ಬೇಡ.

ಊರಿಗೆ ತರುವ ವಿಷಯ. ಇಲ್ಲಿನ ಆರ್ಮ್ಸ್ ಲೈಸೆನ್ಸ್ ಮತ್ತು ಕಸ್ಟಮ್ಸ್ ಒಪ್ಪಿಗೆ ಇಲ್ಲದೆ ಬ್ಯಾರೆಲ್ ಒಂದನ್ನೇ ಆದರೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬಾರದು. ಬಿಡಿಭಾಗವೂ ಕಾನೂನಿನ ಕಣ್ಣಿಗೆ ಆಯುಧವೇ. ಲೈಸೆನ್ಸ್ ಸಿಕ್ಕಿ ತಂದರೂ ಇಲ್ಲಿ ಅದರಿಂದ ಬೇಟೆ ಆಡುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ನನ್ನ ಸಲಹೆ: ಅಲ್ಲೇ ಮಾರಿ ಬರಲಿ.

ಪ್ರಶ್ನೆ: ನಮ್ಮದು ಪಾವಗಡ ಕಡೆ, ಶೇಂಗಾ ಹೊಲ. ಹಂದಿ ಕಾಟ ತಡೆಯಲಾಗುತ್ತಿಲ್ಲ. ತಾತನ ಕಾಲದ ಬೆಳೆ ರಕ್ಷಣೆ ಬಂದೂಕು ಇದೆ, ಲೈಸೆನ್ಸ್ ನನ್ನ ಹೆಸರಿಗಿದೆ. ಬ್ಯಾರೆಲ್ ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿದೆ. ಲೇತ್ ಶಾಪಿನವರು ಒಳಗೆ ಕೊರೆದು ನುಣುಪು ಮಾಡಿಕೊಡ್ತೀನಿ ಅಂತಾರೆ. ಮಾಡಿಸಬಹುದಾ?
— ರೈತ, ಪಾವಗಡ ತಾಲ್ಲೂಕು

ಉತ್ತರ: ಬೇಡಣ್ಣ, ದಯವಿಟ್ಟು ಮಾಡಿಸಬೇಡಿ. ಎರಡು ಕಾರಣ. ಲೈಸೆನ್ಸ್ ಇಲ್ಲದವರು ಬಂದೂಕು ಮಾಡುವುದು, ರಿಪೇರಿ ಮಾಡುವುದು 1959ರ ಆರ್ಮ್ಸ್ ಕಾಯ್ದೆ ಪ್ರಕಾರ ಅಪರಾಧ. ಲೇತ್ ಶಾಪಿನವರಿಗೂ ತೊಂದರೆ, ನಿಮಗೂ ತೊಂದರೆ. ಎರಡನೇದು ನನಗೆ ಇನ್ನೂ ದೊಡ್ಡದು. ಗುಳಿ ಬಿದ್ದ ಹಳೇ ಬ್ಯಾರೆಲನ್ನು ಒಳಗಿಂದ ಕೊರೆದರೆ ಗೋಡೆ ಇನ್ನೂ ತೆಳ್ಳಗಾಗುತ್ತೆ. ಎಲ್ಲಿ ಎಷ್ಟು ತೆಳ್ಳಗಾಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಸಿಡಿದರೆ ಮೊದಲು ಹೋಗುವುದು ಮುಂದೆ ಹಿಡಿದ ಕೈ. ಲೈಸೆನ್ಸ್ ಇರುವ ಆರ್ಮ್ಸ್ ಡೀಲರ್ ಹತ್ತಿರ ತೋರಿಸಿ. ಅವರು ಇದು ಮುಗೀತು ಅಂದರೆ ಮುಗೀತು ಅಂತಲೇ ತಿಳಿಯಿರಿ.

ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹಂದಿ ಹೊಡೆಯಬಹುದು ಅಂತಲ್ಲ. ಕಾಡುಹಂದಿಯೂ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆದರೆ ಕೇಸಾಗುತ್ತೆ. ಬೆಳೆ ಹಾಳಾದ ಕೂಡಲೇ ಫೋಟೊ ತೆಗೆದು, ವಲಯ ಅರಣ್ಯ ಕಚೇರಿಗೆ ಪಹಣಿ ಜೊತೆ ಪರಿಹಾರದ ಅರ್ಜಿ ಕೊಡಿ. ಪರಿಹಾರ ನಿಮ್ಮ ನಷ್ಟಕ್ಕೆ ಸಾಲದೇ ಇರಬಹುದು. ರಾತ್ರಿಯೆಲ್ಲ ನಿದ್ದೆಗೆಟ್ಟು ಹೊಲ ಕಾಯುವ ಕಷ್ಟ ನಮ್ಮ ಮನೆಯವರಿಗೂ ಗೊತ್ತು. ಆದರೂ ದಾಖಲೆಯಲ್ಲಿ ಹಂದಿ ಕಾಟ ಎಷ್ಟಿದೆ ಅಂತ ಬರದಿದ್ದರೆ ಸರ್ಕಾರದ ಹತ್ತಿರ ಬೇರೆ ಏನನ್ನೂ ಕೇಳಲು ಆಗುವುದಿಲ್ಲ.

ಪ್ರಶ್ನೆ: ನಾನು ಶಿರಾದ ಕಾಲೇಜು ವಿದ್ಯಾರ್ಥಿನಿ. ಬೆಂಗಳೂರಿನ ರೇಂಜಿನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವುದು) ಅಭ್ಯಾಸ ಮಾಡುತ್ತೇನೆ, .22 ಮ್ಯಾಚ್ ರೈಫಲ್. ಹಾರಿಸದ ತೋಟಾ ಹೊರತೆಗೆದಾಗ ಸೀಸದ ಮೇಲೆ ಸಣ್ಣ ಗೀರುಗಳು ಬಿದ್ದಿರುತ್ತವೆ. ರೈಫಲ್ ಕೆಟ್ಟಿದೆಯಾ? ಆ ತೋಟಾ ಮತ್ತೆ ಹಾಕಬಹುದಾ?
— ವಿದ್ಯಾರ್ಥಿನಿ, ಶಿರಾ

ಉತ್ತರ: ಕೆಟ್ಟಿಲ್ಲಮ್ಮ, ಹಾಗೇ ಇರಬೇಕು. ಮೇಲಿನ ದೊಡ್ಡ ಉತ್ತರ ಓದಿದ್ದರೆ ನಿನಗೆ ಆಶ್ಚರ್ಯ ಆಗಿರಬಹುದು. ಅಲ್ಲಿ ಗುಂಡು ಗೆರೆಗೆ ತಾಗಬಾರದು ಅಂದೆ, ಇಲ್ಲಿ ತಾಗಲೇಬೇಕು ಅನ್ನುತ್ತಿದ್ದೇನೆ. .22 ಮ್ಯಾಚ್ ಚೇಂಬರಿನ ಥ್ರೋಟ್ ಬೇಕೆಂದೇ ಗಿಡ್ಡ. ಬೋಲ್ಟ್ ಮುಚ್ಚುವಾಗಲೇ ಗುಂಡು ಗೆರೆಗೆ ಸ್ವಲ್ಪ ಕಚ್ಚಿಕೊಂಡು ನಡುಮಧ್ಯ ನಿಲ್ಲುತ್ತೆ. ನಿನ್ನ ಗುಂಡು ಮೆತ್ತನೆ ಸೀಸ, ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ಒತ್ತಡದ ಮಿತಿಯೂ ಚದರ ಇಂಚಿಗೆ 24,000 ಪೌಂಡ್ ಅಷ್ಟೇ, ಆ ಬೇಟೆ ತೋಟಾದ ಅರ್ಧಕ್ಕಿಂತ ಕಡಿಮೆ. ಒಂದೊಂದೇ ತೋಟಾ ಕೈಯಲ್ಲಿ ಹಾಕುತ್ತೀಯ, ಹಾಕಿದ್ದನ್ನು ಹೆಚ್ಚಾಗಿ ಹಾರಿಸಿಯೇ ಬಿಡುತ್ತೀಯ. ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಇರುವಾಗ ಗುಂಡು ಒಂದೇ ಥರ ಹೊರಡುವುದಕ್ಕಿಂತ ಮುಖ್ಯ ಬೇರೆ ಇಲ್ಲ.

ಗೀರು ಎಲ್ಲ ಕಡೆ ಸಮ ಇದೆಯಾ ಅಂತ ಮಾತ್ರ ನೋಡು. ಬೋಲ್ಟ್ ಮುಚ್ಚುವಾಗ ಮೊದಲಿಗಿಂತ ಬಿಗಿ ಅನ್ನಿಸಿದರೆ ಚೇಂಬರಿನ ಮುಂದೆ ಮಸಿಯ ಉಂಗುರ ಕಟ್ಟಿರುತ್ತೆ, ಕೋಚ್‌ಗೆ ಹೇಳಿ ಸ್ವಚ್ಛ ಮಾಡಿಸು. ನೀನೇ ಲೋಹದ ಕಡ್ಡಿ ಹಾಕಿ ಕೆರೆಯಬೇಡ.

ಹೊರತೆಗೆದ ತೋಟಾವನ್ನು ಸ್ಪರ್ಧೆಯಲ್ಲಿ ಮತ್ತೆ ಹಾಕಬೇಡ. ಎಳೆದಾಗ ಗುಂಡು ಕೇಸಿನಲ್ಲಿ ಸಡಿಲವಾಗಿರಬಹುದು, ಗೀರು ಮತ್ತೆ ಅದೇ ಗೆರೆಗೆ ಕೂರುವುದೂ ಇಲ್ಲ. ಬೇರೆ ಡಬ್ಬಿಯಲ್ಲಿ ಇಟ್ಟು ಕೋಚ್‌ಗೆ ಕೊಡು. ಅಪರೂಪಕ್ಕೆ ಕೇಸ್ ಮಾತ್ರ ಬಂದು ಗುಂಡು ಒಳಗೇ ಉಳಿದರೆ ಇನ್ನೊಂದು ತೋಟಾ ಹಾಕದೆ, ರೈಫಲ್ ಮೂತಿ ಟಾರ್ಗೆಟ್ ಕಡೆಗೇ ಇಟ್ಟುಕೊಂಡು ಕೈ ಎತ್ತಿ ರೇಂಜ್ ಆಫೀಸರನ್ನು ಕರೆ. ಮತ್ತೆ ಸೀಸ ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ತಿಂಡಿ ಮುಟ್ಟಬೇಡ.